ಜೋಡಿಯಿಲ್ಲದ ಹೆಬ್ಬಾತು

ಲುಬ್ಲಿನ್ನಿನ ಹಳೆ ಸಾಮಾನಿನ ಸಂತೆಯಲ್ಲಿ
ಕೈಗವಸು ಕಳಚದೆಯೇ ಚೌಕಾಸಿ ಮಾಡಿ
ವಿತೊಲ್ದ್ ತಂದ ಡಬ್ಬ.
ಮುಚ್ಚಳದ ಮೇಲೊಂದು ನದಿ, ನದಿಗೆ ಏಳು ಸೇತುವೆ,
ಒಂದು ಮೂಲೆ ಇಲಿಯ ಪಾಲು.
ಒಳಗೆ ಮಡಚಿದ ಹಾಸು, ಇಪ್ಪತ್ನಾಲ್ಕು ಮರದ ಕಾಯಿ,
ಎಂಟು ಮುಖದ ಒಂದು ದಾಳ,
ಮತ್ತೆ ಯಾವುದಕ್ಕೂ ಜೋಡಿಯಲ್ಲದ ಬಿಳಿ ಹೆಬ್ಬಾತು.
ನಿಯಮದ ಹಾಳೆಯೂ ಇತ್ತು.
ಹಂಗೇರಿಯನ್ ಭಾಷೆಯಲ್ಲಿ.

‘ಓದಲು ಬಾರದಿದ್ದರೇನು, ಚಿತ್ರವಿದೆಯಲ್ಲ’ ಅಂದ ಸ್ವಾವೆಕ್.
ಟ್ರಾಲಿಬಸ್ ಓಡಿಸುವವನು,
ತಿರುವು ಬಂದಾಗ ತಿರುಗಿದರಾಯಿತು ಅನ್ನುವ ಪೈಕಿ.
ಚಿತ್ರದಲ್ಲೊಂದು ವೃತ್ತ, ವೃತ್ತವನ್ನು ಸುತ್ತುವ ಬಾಣ,
ಬಾಣದ ಪಕ್ಕ ಇಪ್ಪತ್ತು ಎಂಬ ಅಂಕಿ.
ಬಲಕ್ಕೆ ಸುತ್ತಿ ಇಪ್ಪತ್ತು ಮನೆ ದಾಟಿದರೆ ಕಾಯಿ ಹಣ್ಣು:
ಅತ್ತೆ ಬೋಝೆನಾ ತೀರ್ಪು ಕೊಟ್ಟರು.
ಇನ್ನೊಂದು ಚಿತ್ರದಲ್ಲಿ ಮೇಲೇಳುವ ಮೂರು ಗೆರೆ.
ಅದು ಹಾವು ಅಂದ ವಿತೊಲ್ದ್. ಹೊಳೆ ಅಂದ ಸ್ವಾವೆಕ್.
ಆರು ವರ್ಷದ ತಿಮೆಕ್ ಹಾಳೆಯನ್ನು ತಲೆಕೆಳಗು ಹಿಡಿದು
‘ಎಂಟು ಬಿದ್ದರೆ ಎಲ್ಲರೂ ಉಸ್ಸ್ ಅನ್ನಬೇಕು’ ಅಂದ.
ಅಂದೆವು. ಅಂದಿನಿಂದ ಅದು ಶಾಸನ.

ನಾನು ಆ ಮನೆಗೆ ಬಂದು ಆಗ ಹನ್ನೊಂದು ವಾರ.
ಎಲ್ಲ ಕಾಯಿ ಅದರದರ ಮನೆಯಲ್ಲಿ ಕೂತ ಮೇಲೆ
ಆಟಕ್ಕೆ ಇಳಿದವಳು.
ದೊರೋತಾಳಿಗೆ ಹದಿಮೂರು. ಊಟದ ಮೇಜಿನಲ್ಲಿ
ಅವಳು ನನಗೆ ಕೊಡುವ ಉಪ್ಪು ಅಪ್ಪನ ಮೂಲಕ ಬರುತ್ತಿತ್ತು.
‘ಅವರಿಗೆ ಬ್ರೆಡ್ ಬೇಕಾ ಕೇಳು.’
ಅವರು ಅಂದರೆ ನಾನು, ಎರಡು ಮೊಳದ ಆಚೆ.

ಮೂರನೇ ಶನಿವಾರ. ಕಿಟಕಿಯ ಗಾಜಿಗೆ ಒಳಗಿನಿಂದಲೇ ಮಂಜು.
ಅವಳ ಹಸಿರು ಕಾಯಿ ಹಣ್ಣಾಗಲು ಒಂದೇ ಮನೆ.
ನನ್ನ ದಾಳ ಐದು ತೋರಿಸಿತು.
ಐದಕ್ಕೆ ಸರಿಯಾಗಿ ಅಲ್ಲಿಯೇ ಹೋಗಿ ನಿಲ್ಲಬೇಕು.
ನಾನು ಬೇರೆ ಕಾಯಿಯ ಕಡೆ ಕೈ ಚಾಚಿದೆ,
ಕಾಣದವಳ ಹಾಗೆ.
‘ಸುಳ್ಳಾಟ’ ಅಂದಳು. ಯಾರಿಗೆ ಅಂತ ಗೊತ್ತಾಗಲಿಲ್ಲ.
ವಿತೊಲ್ದ್ ಟೀ ಕಪ್ಪಿನೊಳಗೆ ನೋಡಿದ.
‘ಕಡಿಯಬೇಕು. ಕಡಿ, ನೀನು.’
ನೀನು.
ಕಡಿದೆ.
ಹಸಿರು ಕಾಯಿ ಮೊದಲ ಮನೆಗೆ ವಾಪಸು ಹೋಯಿತು.
ಮುಂದಿನ ಸುತ್ತಿನಲ್ಲಿ ಅವಳು ನನ್ನ ಎರಡನ್ನು ಕಡಿದು
ಸೇಬಿನ ಹೋಳು ಕಚ್ಚಿದ ಸದ್ದು
ನನಗೆ ಈಗಲೂ ಇಷ್ಟ.

ಏಣಿ ಕೇಳಲು ಬಂದವಳು ಮೇಲಿನ ಮನೆಯ ಇಲ್ದಿಕೋ,
ಪಿಯಾನೋ ಶ್ರುತಿ ಮಾಡುವವಳು, ಊರು ಹಂಗೇರಿಯ ಕಡೆ.
ಹಾಳೆ ಎತ್ತಿದಳು. ಓದಿದಳು. ಕನ್ನಡಕ ತೆಗೆದಳು.
ನಕ್ಕು ನಕ್ಕು ಕೆಮ್ಮು ಹತ್ತಿ ನೀರು ಕೊಡಬೇಕಾಯಿತು.
‘ಇದು ಕುಕ್ಕರಿನದು! ಮುಚ್ಚಳ ಬಲಕ್ಕೆ ತಿರುಗಿಸಿ,
ಬೀನ್ಸಿಗೆ ಇಪ್ಪತ್ತು ನಿಮಿಷ,
ಹಬೆ ಬಂದರೆ ಕೈ ದೂರ.’

ಯಾರೂ ಮಾತಾಡಲಿಲ್ಲ.
‘ಹಾಗಾದರೆ ನನ್ನ ನಾಲ್ಕು ಗೆಲುವು?’ ಅಂದರು ಅತ್ತೆ,
ಪಿಂಚಣಿ ಕಡಿತವಾದವರ ದನಿಯಲ್ಲಿ.
ಬೀನ್ಸ್ ಬೆಂದಿದೆ ಬಿಡಿ ಅಂದ ಸ್ವಾವೆಕ್.
ತಿಮೆಕ್ ಮಾತ್ರ, ಹಬೆ ಅಂದರೂ ಉಸ್ಸ್ ಅಲ್ಲವೇ,
ತಾನು ಹೇಳಿದ್ದು ಸರಿಯೇ ಎಂದು ಎಲ್ಲರ ಮುಖ ಸುತ್ತಿ ಬಂದ.

ಏಣಿ ಗೋಡೆಗೆ ಒರಗಿಯೇ ಇತ್ತು. ಇಲ್ದಿಕೋ ಕುರ್ಚಿ ಎಳೆದಳು.
‘ನನಗೂ ಕಲಿಸಿ. ಈ ಹೆಬ್ಬಾತು ಯಾತಕ್ಕೆ?’

ಇಷ್ಟು ವಾರ ಅದು ಡಬ್ಬದಲ್ಲೇ ಮಲಗಿತ್ತು.
ವಿತೊಲ್ದ್ ನನ್ನನ್ನು ನೋಡಿದ, ನಾನು ಅತ್ತೆಯನ್ನು.
ದೊರೋತಾ ಕಾಯಿಗಳನ್ನು ಬಣ್ಣಕ್ಕೆ ಬಣ್ಣ ಕೂಡಿಸುತ್ತ
ತಲೆ ಎತ್ತದೆ ಹೇಳಿದಳು:
‘ಅದು ಕೊನೆಗೆ ಬಂದವರಿಗೆ.
ಯಾವ ಮನೆಯಲ್ಲಾದರೂ ನಿಲ್ಲಬಹುದು.
ಆಟ ತಿಳಿಯುವ ತನಕ ಯಾರೂ ಕಡಿಯುವಂತಿಲ್ಲ.’

ಅಂಥ ನಿಯಮ ನಮ್ಮಲ್ಲಿ ಇರಲಿಲ್ಲ.
ಇಲ್ಲ ಎಂದು ಯಾರೂ ಅನ್ನಲಿಲ್ಲ.
ದಾಳ ಮೇಜಿನಿಂದ ಕೆಳಗೆ ಉರುಳಿತ್ತು.
ಹುಡುಕಿ ಕೊಡುವ ನೆಪದಲ್ಲಿ ನಾನು ಬಗ್ಗಿದೆ,
ಸ್ವಲ್ಪ ಹೊತ್ತು ಅಲ್ಲೇ ಹುಡುಕಿದೆ.